ಆಪರೇಷನ್‌ಗೆ ಮುನ್ನ ‘ಅಧ್ಯಯನಕ್ಕೆ ಸೇರುತ್ತೀರಾ?’ ಎಂದು ಕೇಳಿದರೆ

ದಾವಣಗೆರೆ, ಚಿತ್ರದುರ್ಗದ ಕಡೆಯವರಲ್ಲಿ ಅನೇಕರು ಹೊಟ್ಟೆಯ ತೊಂದರೆ ಕೈಮೀರಿದಾಗ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆ, ಎಲ್ಲ ಕಡೆಯ ಬಸ್ಸುಗಳೂ ಆ ರೋಗಿಗಳನ್ನು ಇಲ್ಲಿಗೆ ತಂದು ಇಳಿಸುತ್ತವೆ. ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜು 1965ರಷ್ಟು ಹಳೆಯದು. ಕಾಲೇಜು ಇದ್ದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿರುತ್ತಾರೆ, ಅವರಿದ್ದಲ್ಲಿ ಸಂಶೋಧನೆ ಇರುತ್ತದೆ. ಎಂ.ಎಸ್. ಪದವಿಯ ಮೂರು ವರ್ಷಗಳಲ್ಲಿ ಒಂದು ಪ್ರಬಂಧ ಬರೆದು ಒಪ್ಪಿಸದೆ ಯಾರೂ ಸರ್ಜನ್ ಎನಿಸಿಕೊಳ್ಳುವಂತಿಲ್ಲ. ಆದ್ದರಿಂದ ಪಿತ್ತಕೋಶದ ಕಲ್ಲಿಗೋ ಹರ್ನಿಯಾಕ್ಕೋ ದಾಖಲಾದ ನಿಮ್ಮ ಹಾಸಿಗೆಯ ಬಳಿ ಒಬ್ಬ ಕಿರಿಯ ವೈದ್ಯರು ಕಾಗದದ ಕಟ್ಟು ಹಿಡಿದು ಬಂದು, ‘ಒಂದು ಸ್ಟಡಿ ಮಾಡುತ್ತಿದ್ದೇವೆ, ಇಲ್ಲಿ ಸಹಿ ಹಾಕಿ’ ಎಂದರೆ ಅಚ್ಚರಿಪಡಬೇಕಿಲ್ಲ. ಹೆದರಬೇಕಾಗಿಯೂ ಇಲ್ಲ. ಓದದೆ ಸಹಿ ಹಾಕುವುದಂತೂ ಬೇಡವೇ ಬೇಡ.

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ (ಆಸ್ಪತ್ರೆಯವರ ಬಾಯಲ್ಲಿ ಅದು ಎಥಿಕ್ಸ್ ಕಮಿಟಿ) ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕೆಂಬುದು ನಿಯಮ. ಹಾಗೆ ಒಂದು ಸಮಿತಿಯಲ್ಲಿ ಕುಳಿತು ಒಪ್ಪಿಗೆ ಪತ್ರಗಳನ್ನು ಓದುವುದು ಈಗ ನನ್ನ ಕೆಲಸ. ಆ ಕಾಗದ ರೋಗಿಯ ಕೈಗೆ ಬಂದಾಗ ಏನೇನು ನೋಡಬೇಕು, ಏನೇನು ಕೇಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಆಪರೇಷನ್ ಬೇಕೇ ಬೇಡವೇ ಎಂಬುದು ನಿಮ್ಮ ಸರ್ಜನ್ ಜೊತೆ ತೀರ್ಮಾನಿಸಬೇಕಾದ ವಿಷಯ, ಅದಕ್ಕೆ ನಾನು ಕೈಹಾಕುವುದಿಲ್ಲ.

ಮೊದಲು ಕಾಗದಗಳನ್ನು ಬೇರೆ ಮಾಡಿ

ದಾಖಲಾದ ದಿನ ಸಹಿ ಬೀಳುವ ಕಾಗದಗಳು ಹಲವು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ಅರಿವಳಿಕೆಗೆ ಒಪ್ಪಿಗೆ, ರಕ್ತ ಕೊಡಬೇಕಾಗಿ ಬಂದರೆ ಅದಕ್ಕೊಂದು, ಆಯುಷ್ಮಾನ್ ಕಾರ್ಡಿನ ಕಾಗದ ಬೇರೆ. ಇವುಗಳ ನಡುವೆ ಅಧ್ಯಯನದ ಕಾಗದವೂ ಸೇರಿಕೊಂಡರೆ ಗೊತ್ತಾಗುವುದೇ ಇಲ್ಲ. ‘ಇದರಲ್ಲಿ ಯಾವುದು ಆಪರೇಷನ್‌ಗೆ, ಯಾವುದು ಅಧ್ಯಯನಕ್ಕೆ?’ ಎಂದು ಕೇಳಿ, ಎರಡನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿಯಿರಿ. ಮೊದಲನೆಯದಕ್ಕೆ ಸಹಿ ಹಾಕಿ ಎರಡನೆಯದನ್ನು ಹಿಂದಿರುಗಿಸುವ ಹಕ್ಕು ನಿಮಗಿದೆ. ಅಧ್ಯಯನಕ್ಕೆ ಒಲ್ಲೆ ಎಂದ ಮಾತ್ರಕ್ಕೆ ಆಪರೇಷನ್ ನಿಲ್ಲಬಾರದು, ಮುಂದಕ್ಕೂ ಹೋಗಬಾರದು.

ಅಧ್ಯಯನದ ಕಾಗದದಲ್ಲಿ ಎರಡು ಭಾಗಗಳಿರುತ್ತವೆ. ಒಂದು ಮಾಹಿತಿ ಪತ್ರ. ಏನು ಅಧ್ಯಯನ, ಯಾಕೆ, ಎಷ್ಟು ದಿನ, ಏನು ತೊಂದರೆ ಆಗಬಹುದು, ಬೇರೆ ದಾರಿ ಏನಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಇನ್ನೊಂದು ಒಪ್ಪಿಗೆ ಪತ್ರ, ಸಹಿ ಬೀಳುವುದು ಇದಕ್ಕೆ. ಬರೀ ಒಪ್ಪಿಗೆ ಪತ್ರದ ಕೊನೆಯ ಪುಟವನ್ನು ಮಡಚಿ ಮುಂದೆ ಹಿಡಿದರೆ, ‘ಮಾಹಿತಿ ಪತ್ರ ಕೊಡಿ’ ಎನ್ನಿ. ಅದು ಕನ್ನಡದಲ್ಲಿರಬೇಕು. ಇಂಗ್ಲಿಷಿನ ಹಾಳೆ ತೋರಿಸಿ ಬಾಯಲ್ಲಿ ಎರಡು ಮಾತು ಹೇಳಿದರೆ ಸಾಲದು.

ಹೊಸ ಔಷಧದ ಪ್ರಯೋಗಗಳಲ್ಲಿ ಬಳಸುವ ಒಪ್ಪಿಗೆ ಪತ್ರದಲ್ಲಿ ಜನ ಬೆಚ್ಚಿಬೀಳುವ ಒಂದು ಸಾಲಿದೆ. ಪ್ರತಿ ಹೇಳಿಕೆಯ ಮುಂದೆ ಚಿಕ್ಕ ಚೌಕ, ಅದರಲ್ಲಿ ನಿಮ್ಮ ಕಿರುಸಹಿ. ಕೆಳಗೆ ಓದು, ಉದ್ಯೋಗ, ವಾರ್ಷಿಕ ಆದಾಯ. ಅದರ ಕೆಳಗೆ ನಾಮನಿರ್ದೇಶಿತರ ಹೆಸರು, ವಿಳಾಸ, ಸಂಬಂಧ. ‘ಪಿತ್ತದ ಕಲ್ಲು ತೆಗೆಯುವುದಕ್ಕೆ ನಾಮಿನಿ ಯಾಕೆ, ಸತ್ತುಹೋಗುತ್ತೇನೆಯೇ?’ ಎಂದು ಕಾಗದ ಬಿಸಾಡಿದವರಿದ್ದಾರೆ. ಆ ಸಾಲು ನಿಮ್ಮ ಪರವಾಗಿರುವುದು. ಪ್ರಯೋಗದ ಕಾರಣದಿಂದ ಜೀವಕ್ಕೆ ಅಪಾಯವಾದರೆ ಪರಿಹಾರ ಯಾರ ಕೈಸೇರಬೇಕು ಎಂದು ಬರೆದಿಡುವ ಜಾಗ ಅದು. ಆ ಸಾಲು ಖಾಲಿ ಉಳಿದರೆ ನಷ್ಟ ನಿಮ್ಮ ಮನೆಯವರಿಗೆ.

ಇದು ಯಾವ ಬಗೆಯ ಅಧ್ಯಯನ ಎಂದು ತಿಳಿದುಕೊಳ್ಳಿ

ಎಲ್ಲ ಅಧ್ಯಯನವೂ ‘ನಮ್ಮ ಮೇಲೆ ಪ್ರಯೋಗ’ ಅಲ್ಲ. ನಮ್ಮ ಸಮಿತಿಗೆ ಸರ್ಜರಿ ವಿಭಾಗದಿಂದ ಬರುವ ಅರ್ಜಿಗಳಲ್ಲಿ ಎಷ್ಟೋ, ನಡೆಯುತ್ತಿರುವ ಚಿಕಿತ್ಸೆಯನ್ನು ನೋಡಿ ಬರೆದುಕೊಳ್ಳುವಂಥವು. ಉದಾಹರಣೆಗೆ ಅಪೆಂಡಿಕ್ಸ್ (ಕರುಳುಬಾಲ) ನೋವಿನಿಂದ ಬಂದವರ ಜ್ವರ, ವಾಂತಿ, ನೋವಿನ ಜಾಗ, ರಕ್ತ ಪರೀಕ್ಷೆ ಎಲ್ಲಕ್ಕೂ ಅಂಕ ಕೊಟ್ಟು ಒಟ್ಟು ಹತ್ತಕ್ಕೆ ಲೆಕ್ಕ ಹಾಕುವ ಆಲ್ವರಾಡೊ ಎಂಬ ಪಟ್ಟಿ 1986ರಿಂದ ಬಳಕೆಯಲ್ಲಿದೆ. ನಮ್ಮ ರೋಗಿಗಳಲ್ಲಿ ಆ ಅಂಕ ಎಷ್ಟು ಸರಿಬರುತ್ತದೆ ಎಂದು ಆಪರೇಷನ್ ನಂತರ ತಾಳೆ ನೋಡುವುದು ಒಂದು ಪ್ರಬಂಧದ ವಿಷಯ. ಇಂಥದಕ್ಕೆ ಸೇರಿದರೆ ನಿಮ್ಮ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ; ನಿಮ್ಮ ಕೇಸ್ ಶೀಟಿನ ಮಾಹಿತಿಯನ್ನು ಹೆಸರಿಲ್ಲದೆ ಬಳಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಗೋಪ್ಯತೆಯ ಮಾತು ಕಾಗದದಲ್ಲಿ ಸ್ಪಷ್ಟವಾಗಿದ್ದರೆ ಇದಕ್ಕೆ ಒಪ್ಪಲು ಹೆಚ್ಚು ಯೋಚಿಸಬೇಕಿಲ್ಲ.

ಎರಡನೆಯದು ಹೋಲಿಕೆಯ ಅಧ್ಯಯನ. ಈಗಾಗಲೇ ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ನೋಡುವುದು. ಕರುಳಿನ ಆಪರೇಷನ್ ಆದವರನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಾರ್ಡಿನಲ್ಲಿ ಬೆಳಿಗ್ಗೆ ಎದ್ದರೆ ಸಿಸ್ಟರ್ ಕೇಳುವ ಮೊದಲ ಪ್ರಶ್ನೆ ‘ಗಾಳಿ ಹೋಯಿತೇ?’ ಎಂಬುದು. ಅದು ಹೋಗುವವರೆಗೆ ಬಾಯಿಗೆ ಹನಿ ನೀರಿಲ್ಲ, ಮೂಗಿನಲ್ಲಿ ನಳಿಕೆ, ಕೈಗೆ ಡ್ರಿಪ್. ಇದು ಹಳೆಯ ಕ್ರಮ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿ, ಬೇಗ ಊಟ, ಬೇಗ ಓಡಾಟ, ನಳಿಕೆ ಕಡಿಮೆ ಎಂಬ ಕ್ರಮವನ್ನು ಬೆಳೆಸಿದರು. ಈಗ ಪ್ರಪಂಚದಾದ್ಯಂತ ಅದರ ಮೇಲೆ ಅಧ್ಯಯನ ನಡೆದಿದೆ, ನಡೆಯುತ್ತಲೂ ಇದೆ. ಹಾಗೆ ಒಂದು ಅಧ್ಯಯನದಲ್ಲಿ ಒಂದು ಗುಂಪಿಗೆ ಮರುದಿನವೇ ನೀರು, ಗಂಜಿಯ ತಿಳಿ ಕೊಡಬಹುದು. ಇನ್ನೊಂದು ಗುಂಪು ಗಾಳಿ ಹೋಗುವವರೆಗೆ ಕಾಯಬಹುದು. ಇಲ್ಲಿ ನಿಮಗೆ ಸಿಗುವ ಚಿಕಿತ್ಸೆಯೇ ಬದಲಾಗುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರಶ್ನೆಗಳನ್ನೆಲ್ಲ ಕೇಳಬೇಕು.

ಮೂರನೆಯದು ಹೊಸ ಔಷಧ ಅಥವಾ ಹೊಸ ಸಾಧನದ ಪ್ರಯೋಗ. ಸಾಮಾನ್ಯವಾಗಿ ಕಂಪನಿಯೊಂದು ಹಣ ಹಾಕಿರುತ್ತದೆ. ಔಷಧಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯವಾಗುತ್ತವೆ. ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕು. ಇಲ್ಲಿ ಅವಸರ ಕೂಡದು.

ಚೀಟಿ ಎತ್ತುವುದು ಯಾಕೆ?

ಹೋಲಿಕೆಯ ಅಧ್ಯಯನದಲ್ಲಿ ನೀವು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಕಂಪ್ಯೂಟರ್ ಹಾಕಿಕೊಟ್ಟ ಕ್ರಮದಂತೆ ಮುಚ್ಚಿದ ಲಕೋಟೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಲಕೋಟೆ ದಪ್ಪ ಕಾಗದದ್ದು, ಬೆಳಕಿಗೆ ಹಿಡಿದರೂ ಒಳಗಿನ ಅಕ್ಷರ ಕಾಣಬಾರದು. ನಿಮ್ಮ ಸರದಿ ಬಂದಾಗ ಮುಂದಿನ ಲಕೋಟೆ ಒಡೆಯುತ್ತಾರೆ. ‘ನನ್ನ ಹೊಟ್ಟೆಯ ವಿಷಯದಲ್ಲಿ ಲಾಟರಿಯೇ?’ ಎಂದು ಸಿಟ್ಟಾಗುವುದು ಸಹಜ. ಗಣಿತದವನಾಗಿ ಹೇಳುತ್ತೇನೆ, ಇದರಷ್ಟು ಪ್ರಾಮಾಣಿಕವಾದ ವಿಧಾನ ಬೇರೆ ಇಲ್ಲ. ವೈದ್ಯರಿಗೆ ಬಿಟ್ಟರೆ ಗಟ್ಟಿಮುಟ್ಟಾದ ರೋಗಿಗಳೆಲ್ಲ ತಮಗೆ ಪ್ರಿಯವಾದ ವಿಧಾನದ ಕಡೆ ಸೇರುತ್ತಾರೆ, ಆಮೇಲೆ ಆ ವಿಧಾನವೇ ಗೆದ್ದಂತೆ ಕಾಣುತ್ತದೆ. ವೈದ್ಯರಿಗೆ ಅಂಥ ಉದ್ದೇಶವಿರಬೇಕೆಂದೂ ಇಲ್ಲ, ತಿಳಿಯದೆಯೇ ಹಾಗಾಗುತ್ತದೆ.

ಇಂಥ ಹೋಲಿಕೆಯಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ಒಂದೆರಡು ಉದಾಹರಣೆ. ಹೊಟ್ಟೆಯ ಆಪರೇಷನ್ ಮುಗಿದು ಹೊಲಿಗೆ ಹಾಕುವ ಮುನ್ನ ಇಡೀ ತಂಡ ಕೈಗವಸು ಬದಲಿಸಿ, ಹೊಸ ಉಪಕರಣ ತೆಗೆದುಕೊಂಡರೆ ಗಾಯ ಕೀವಾಗುವುದು ಕಡಿಮೆಯಾಗುತ್ತದೆಯೇ? ಭಾರತವೂ ಸೇರಿದಂತೆ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ 13,301 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅದರ ಹೆಸರು ಚೀತಾ ಟ್ರಯಲ್, ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಹಳೆಯ ಕ್ರಮದಲ್ಲಿ ನೂರಕ್ಕೆ 18.9 ಮಂದಿಗೆ ಗಾಯದ ಸೋಂಕು ಕಂಡರೆ, ಬದಲಿಸಿದ ಕಡೆ 16. ಕೈಗವಸಿನ ಬೆಲೆಗೆ ಇಷ್ಟು ಲಾಭ! ಅಲ್ಲಿ ಚೀಟಿ ಎತ್ತಿದ್ದು ರೋಗಿಗೆ ಅಲ್ಲ, ಇಡೀ ಆಸ್ಪತ್ರೆಗೆ: ಕೆಲವು ಆಸ್ಪತ್ರೆಗಳು ಹೊಸ ಕ್ರಮ, ಕೆಲವು ಹಳೆಯ ಕ್ರಮ. ಅದೇ ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಫಾಲ್ಕನ್ ಟ್ರಯಲ್ ಇದಕ್ಕೆ ತಿರುವುಮುರುವು. ಚರ್ಮಕ್ಕೆ ಬಳಿಯುವ ದುಬಾರಿ ದ್ರಾವಣ, ಸೋಂಕುನಾಶಕ ಲೇಪಿಸಿದ ದುಬಾರಿ ಹೊಲಿಗೆ ದಾರ ಇವೆರಡೂ ಮಾಮೂಲಿನವುಗಳಿಗಿಂತ ಮೇಲೇನೂ ಅಲ್ಲ ಎಂದು 5,788 ರೋಗಿಗಳಿಂದ ಗೊತ್ತಾಯಿತು. ನನ್ನ ಮಟ್ಟಿಗೆ ಎರಡನೆಯದೂ ಮೊದಲನೆಯದರಷ್ಟೇ ದೊಡ್ಡ ಸಂಗತಿ, ಯಾಕೆಂದರೆ ಬಿಲ್ಲು ಕಟ್ಟುವವರು ನಾವು.

ಅಪೆಂಡಿಕ್ಸ್ ವಿಷಯವೂ ಹೀಗೆಯೇ. ಫಿನ್‌ಲೆಂಡಿನ ಅಧ್ಯಯನವೊಂದರಲ್ಲಿ 530 ಮಂದಿಯನ್ನು ಎರಡು ಗುಂಪು ಮಾಡಿ ಅರ್ಧದಷ್ಟು ಜನಕ್ಕೆ ಆಪರೇಷನ್, ಉಳಿದವರಿಗೆ ಬರೀ ಆ್ಯಂಟಿಬಯೋಟಿಕ್ ಕೊಟ್ಟರು. ಔಷಧದ ಗುಂಪಿನಲ್ಲಿ ವರ್ಷದೊಳಗೆ ಆಪರೇಷನ್ ಬೇಕಾದವರು ನೂರಕ್ಕೆ 27, ಐದು ವರ್ಷಕ್ಕೆ 39. ಉಳಿದವರು ಚಾಕು ತಪ್ಪಿಸಿಕೊಂಡರು. ಇದನ್ನು ಓದಿ ಮನೆಯಲ್ಲೇ ಮಾತ್ರೆ ನುಂಗಿ ಮಲಗಬೇಡಿ. ಸಿ.ಟಿ. ಸ್ಕ್ಯಾನ್ ಮಾಡಿ, ಕರುಳುಬಾಲ ಒಡೆದಿಲ್ಲ, ಒಳಗೆ ಕಲ್ಲಿಲ್ಲ ಎಂದು ಖಚಿತಪಡಿಸಿಕೊಂಡವರನ್ನು ಮಾತ್ರ ಅದರಲ್ಲಿ ಸೇರಿಸಿಕೊಂಡಿದ್ದರು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ

‘ನಾನು ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಕೊಡುತ್ತೀರಿ, ಡಾಕ್ಟ್ರೇ?’

ಬೇರೆಲ್ಲ ಮರೆತರೂ ಇದೊಂದನ್ನು ಕೇಳಿ. ಉತ್ತರ ನೇರವಾಗಿರಬೇಕು: ‘ಸೇರದಿದ್ದರೆ ನಾವು ಎಲ್ಲರಿಗೂ ಮಾಡುವ ಹಾಗೆ ಮಾಡುತ್ತೇವೆ, ಸೇರಿದರೆ ಹೀಗೋ ಹಾಗೋ ಎರಡರಲ್ಲಿ ಒಂದು.’ ಇಷ್ಟು ಹೇಳಿದರೆ ಆ ವೈದ್ಯರಿಗೆ ತಮ್ಮ ಕೆಲಸ ಗೊತ್ತಿದೆ. ಬದಲಿಗೆ ‘ಸೇರಿದರೆ ನಿಮಗೇ ಒಳ್ಳೆಯದು, ಹೊಸ ವಿಧಾನ ತುಂಬ ಚೆನ್ನಾಗಿದೆ’ ಎಂದರೆ ತಡೆಯಿರಿ. ಅದು ಚೆನ್ನಾಗಿದೆ ಎಂದು ಮೊದಲೇ ಗೊತ್ತಿದ್ದರೆ ಚೀಟಿ ಎತ್ತುವ ಅಗತ್ಯವೇನಿತ್ತು? ಯಾವುದು ಮೇಲೆಂದು ಗೊತ್ತಿಲ್ಲ ಎಂಬುದೇ ಇಂಥ ಅಧ್ಯಯನಕ್ಕೆ ಆಧಾರ. ‘ಸೇರದಿದ್ದರೆ ಬೇರೆ ಆಸ್ಪತ್ರೆಗೆ ಹೋಗಿ’, ‘ಸೇರಿದರೆ ಬೇಗ ಡೇಟ್ ಕೊಡುತ್ತೇವೆ’ ಎಂಬಂಥ ಮಾತು ಬಂದರಂತೂ ಸಹಿ ಹಾಕಬೇಡಿ, ಮಾಹಿತಿ ಪತ್ರದಲ್ಲಿರುವ ನೈತಿಕ ಸಮಿತಿಯ ಸಂಖ್ಯೆಗೆ ಫೋನ್ ಮಾಡಿ. ಆ ಸಂಖ್ಯೆ ಅಲ್ಲಿರಬೇಕು. ಸಮಿತಿಯಲ್ಲಿ ಕನಿಷ್ಠ ಏಳು ಜನರಿರುತ್ತಾರೆ, ಅರ್ಧದಷ್ಟಾದರೂ ಆಸ್ಪತ್ರೆಗೆ ಸಂಬಂಧಪಡದವರು, ಅಧ್ಯಕ್ಷರೂ ಹೊರಗಿನವರೇ. ದೂರು ಕೇಳುವುದು ನಮ್ಮ ಕೆಲಸ, ನೀವು ಬೇಡುತ್ತಿರುವ ಉಪಕಾರವಲ್ಲ.

ಇನ್ನುಳಿದ ಪ್ರಶ್ನೆಗಳು ನಿಮ್ಮ ಪರಿಸ್ಥಿತಿಗೆ ತಕ್ಕಂತೆ. ಅಧ್ಯಯನಕ್ಕಾಗಿ ಮಾಮೂಲಿಗಿಂತ ಹೆಚ್ಚು ರಕ್ತ ತೆಗೆಯುತ್ತೀರಾ, ಹೆಚ್ಚು ಸ್ಕ್ಯಾನ್ ಇದೆಯೇ? ಎಷ್ಟು ಸಲ ತಿರುಗಿ ಬರಬೇಕು? ಹರ್ನಿಯಾಕ್ಕೆ ಜಾಲರಿ ಹಾಕಿದ ಅಧ್ಯಯನವಾದರೆ ವರ್ಷಗಟ್ಟಲೆ ಕರೆಯಬಹುದು, ಯಾಕೆಂದರೆ ಹರ್ನಿಯಾ ಮರುಕಳಿಸುತ್ತದೆಯೇ ಎಂಬುದು ತಿಂಗಳಲ್ಲಿ ಗೊತ್ತಾಗುವುದಿಲ್ಲ. ಮೊಳಕಾಲ್ಮೂರಿನಿಂದ ಬರುವ ಕೂಲಿಯವರಿಗೆ ಒಂದು ಭೇಟಿ ಎಂದರೆ ಬಸ್ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯೂ ಹೋದಂತೆ. ಪ್ರಯಾಣದ ಖರ್ಚು ಕೊಡುತ್ತಾರೆಯೇ, ಫೋನಿನಲ್ಲೇ ವಿಚಾರಿಸಿಕೊಂಡರೆ ಆಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಹಣದ ವಿಷಯದಲ್ಲಿ ಒಂದೇ ಮಾತು: ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಯ ಖರ್ಚು ನಿಮ್ಮ ಮೇಲೆ ಬೀಳಬಾರದು, ಬಿಲ್ಲಿನಲ್ಲಿ ಕಂಡರೆ ಪ್ರಶ್ನಿಸಿ.

ಅನುಮತಿ ಇದೆಯೇ ಎಂದು ನೀವೇ ನೋಡಬಹುದು

ಮನೆಯಲ್ಲಿ ಮೊಬೈಲ್ ಬಲ್ಲ ಮಗನೋ ಮಗಳೋ ಇದ್ದರೆ ಇದು ಹತ್ತು ನಿಮಿಷದ ಕೆಲಸ. ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳೆಲ್ಲ, ಅಂದರೆ ಮೇಲೆ ಹೇಳಿದ ಎರಡನೆಯ ಮತ್ತು ಮೂರನೆಯ ಬಗೆಯವು, ಸಿಟಿಆರ್‌ಐ (CTRI) ಎಂಬ ನೋಂದಣಿಯಲ್ಲಿ ದಾಖಲಾಗಬೇಕು. ಇದನ್ನು ನಡೆಸುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. ಶುರುವಾದದ್ದು 2007ರ ಜುಲೈನಲ್ಲಿ. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಿದ ಟ್ರಯಲ್‌ಗಳನ್ನು ಮಾತ್ರ ಅದು ಒಪ್ಪುತ್ತದೆ. ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು, ಒಂದು ಕ್ರಮಸಂಖ್ಯೆ ಇರುವ ಸಾಲನ್ನು ಹುಡುಕಿ. ಇಲ್ಲದಿದ್ದರೆ ಕೇಳಿ ಬರೆದುಕೊಳ್ಳಿ. ಸಿಟಿಆರ್‌ಐ ಜಾಲತಾಣದ ಹುಡುಕುವ ಜಾಗದಲ್ಲಿ ಅದನ್ನು ಹಾಕಿದರೆ ಪೂರ್ತಿ ವಿವರ ತೆರೆದುಕೊಳ್ಳುತ್ತದೆ. ಭಾಷೆ ಇಂಗ್ಲಿಷ್, ಆದರೆ ನೋಡಬೇಕಾದದ್ದು ಕೆಲವೇ ಸಾಲು. ನಿಮ್ಮ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದೆಯೇ? ನೈತಿಕ ಸಮಿತಿ ಒಪ್ಪಿದೆ ಎಂದು ಬರೆದಿದೆಯೇ? ಸ್ನಾತಕೋತ್ತರ ಪ್ರಬಂಧವೇ ಎಂಬ ಸಾಲಿನಲ್ಲಿ ಏನಿದೆ? ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ? ಕೊನೆಯದನ್ನು ನಿಮಗೆ ಬಾಯಲ್ಲಿ ಹೇಳಿದ್ದರ ಜೊತೆ ತಾಳೆ ಹಾಕಿ.

ಬರೀ ನೋಡಿ ಬರೆದುಕೊಳ್ಳುವ ಅಧ್ಯಯನಕ್ಕೆ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದೇ ಒಂದು ತಪ್ಪಲ್ಲ. ನೈತಿಕ ಸಮಿತಿಯ ಅನುಮತಿ ಮಾತ್ರ ಅದಕ್ಕೂ ಬೇಕು.

ಸಹಿ, ಹೆಬ್ಬೆಟ್ಟು, ಸಾಕ್ಷಿ

ಮುಂಚೆಯೇ ಗೊತ್ತುಮಾಡಿದ ಆಪರೇಷನ್ ಆದರೆ ಕಾಗದವನ್ನು ಮನೆಗೆ ಒಯ್ಯಿರಿ, ಒಂದು ರಾತ್ರಿ ಇಟ್ಟುಕೊಳ್ಳಿ, ನಂಬಿಕಸ್ಥ ವೈದ್ಯರು ಯಾರಾದರೂ ಪರಿಚಯವಿದ್ದರೆ ತೋರಿಸಿ. ಓದಲು ಬಾರದವರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಅಧ್ಯಯನಕ್ಕೂ ಅದನ್ನು ನಡೆಸುವವರಿಗೂ ಸಂಬಂಧವಿಲ್ಲದ ಒಬ್ಬ ಸಾಕ್ಷಿ, ವಿವರಿಸುವ ಹೊತ್ತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇದ್ದು, ಆಮೇಲೆ ಸಹಿ ಹಾಕಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು, ಕಾರಿಡಾರಿನಲ್ಲಿ ಹೋಗುತ್ತಿದ್ದವರನ್ನು ಕರೆದು ‘ಇಲ್ಲೊಂದು ಸಹಿ ಹಾಕಿ’ ಎಂದರೆ ಅದು ಸಾಕ್ಷಿಯಲ್ಲ. ಪಕ್ಕದ ಹಾಸಿಗೆಯವರ ಜೊತೆಗಿರುವ ಓದಿದ ಹುಡುಗ ಇದಕ್ಕೆ ಚೆನ್ನಾಗಿ ಒದಗುತ್ತಾನೆ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ರೋಗಿ ತಾಯಿ, ಮಾತನಾಡುವವರು ಗಂಡುಮಕ್ಕಳು. ‘ಅವ್ವನಿಗೆ ಏನೂ ತಿಳಿಯುವುದಿಲ್ಲ, ನಾನು ಹಾಕುತ್ತೇನೆ ಕೊಡಿ’ ಎಂದು ಮಗ ಪೆನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಹೊಟ್ಟೆ ಅವ್ವನದು, ಎಚ್ಚರವಿದ್ದು ಮಾತನಾಡಬಲ್ಲವರಾದರೆ ಒಪ್ಪಿಗೆಯೂ ಅವರದೇ ಆಗಬೇಕು. ಮಗ ವಿವರಿಸಲಿ, ಸಲಹೆ ಕೊಡಲಿ. ಮಕ್ಕಳ ವಿಷಯದಲ್ಲಿ ತಂದೆತಾಯಿಯ ಸಹಿ ಬೇಕು, ಜೊತೆಗೆ ಏಳು ವರ್ಷ ದಾಟಿದ ಮಗುವಿಗೆ ಅದರ ಮಟ್ಟಕ್ಕೆ ತಿಳಿಯುವಂತೆ ಹೇಳಿ ಅದರ ಸಮ್ಮತಿಯನ್ನೂ ಪಡೆಯಬೇಕು.

ಸಹಿಯಾದ ಕಾಗದದ ಒಂದು ಪ್ರತಿ ಮತ್ತು ಮಾಹಿತಿ ಪತ್ರ ನಿಮ್ಮ ಕೈಗೆ ಬರಬೇಕು. ಕೊಡದಿದ್ದರೆ ಕೇಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೂ ಸರಿ.

ಮಧ್ಯರಾತ್ರಿ ಕರುಳು ತೂತಾಗಿ ಹೊಟ್ಟೆ ಹಲಗೆಯಂತೆ ಬಿಗಿದು ಆ್ಯಂಬುಲೆನ್ಸಿನಲ್ಲಿ ಬಂದವರಿಗೆ ಇಷ್ಟೆಲ್ಲ ವ್ಯವಧಾನ ಎಲ್ಲಿ? ಆಗ ರೋಗಿಯ ಜೊತೆಗಿರುವವರು ಎರಡೇ ಪ್ರಶ್ನೆ ಕೇಳಿ. ಇದರಿಂದ ಆಪರೇಷನ್ ತಡವಾಗುತ್ತದೆಯೇ? ನಾಳೆ ರೋಗಿಗೆ ಎಚ್ಚರ ಬಂದಮೇಲೆ ಅವರನ್ನೇ ಕೇಳಬಹುದೇ? ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಅಧ್ಯಯನದ ಕಾಗದವನ್ನು ಬದಿಗಿಟ್ಟು ಥಿಯೇಟರಿಗೆ ಕಳಿಸಿ.

ಸೇರಿದ ಮೇಲೆ ನಿಮ್ಮ ಪಾಲಿನ ಕೆಲಸ

ಈ ಭಾಗವನ್ನು ಯಾರೂ ಬರೆಯುವುದಿಲ್ಲ. ಹಕ್ಕಿನ ಮಾತು ಎಲ್ಲರೂ ಆಡುತ್ತಾರೆ, ಅಧ್ಯಯನ ಕೆಡುವುದು ಮಾತ್ರ ಹೆಚ್ಚಾಗಿ ಇಲ್ಲಿ.

ನೋವನ್ನು ಅಳೆಯಲು ಒಂದು ಪಟ್ಟಿ ತರುತ್ತಾರೆ. ಹತ್ತು ಸೆಂಟಿಮೀಟರಿನ ಗೆರೆ. ಈ ತುದಿ ಸೊನ್ನೆ, ನೋವೇ ಇಲ್ಲ. ಆ ತುದಿ ಹತ್ತು, ತಡೆಯಲಾರದ ನೋವು. ನಿಮ್ಮ ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ನಮ್ಮ ಹಿರಿಯರು ಏನು ಮಾಡುತ್ತಾರೆ? ಪಾಪ, ಡಾಕ್ಟರು ಇಷ್ಟು ಕಷ್ಟಪಟ್ಟಿದ್ದಾರೆ, ಅವರ ಮನಸ್ಸು ನೋಯಿಸಬಾರದು ಎಂದು ‘ಏನೂ ಇಲ್ಲಪ್ಪ, ಆರಾಮಿದ್ದೇನೆ’ ಎಂದು ಸೊನ್ನೆಯ ಮೇಲೆ ಬೆರಳಿಡುತ್ತಾರೆ. ಅವರು ಆ ಕಡೆ ಹೋದ ಮೇಲೆ ಸೊಸೆಯ ಮುಂದೆ ಮುಲುಗುತ್ತಾರೆ. ಇನ್ನು ಕೆಲವರು ಮನೆಗೆ ಬೇಗ ಕಳಿಸಲಿ ಎಂದು ಸುಳ್ಳು ಹೇಳುತ್ತಾರೆ. ಇದರಿಂದ ಎರಡು ಕೆಡುಕು. ಒಂದು, ಒಳಗೆ ಏನಾದರೂ ಸೋರುತ್ತಿದ್ದರೆ ಪತ್ತೆಯಾಗುವುದು ತಡವಾಗುತ್ತದೆ. ಎರಡು, ನಿಮ್ಮ ಸುಳ್ಳು ಸೊನ್ನೆ ಲೆಕ್ಕದಲ್ಲಿ ಸೇರಿ, ನೋವು ಕೊಡುವ ವಿಧಾನವೇ ಒಳ್ಳೆಯದು ಎಂದು ಪ್ರಬಂಧದಲ್ಲಿ ದಾಖಲಾಗುತ್ತದೆ. ಏಳು ಇದ್ದರೆ ಏಳರ ಮೇಲೇ ಬೆರಳಿಡಿ.

ಊಟದ ವಿಷಯವೂ ಹಾಗೆಯೇ. ಆಹಾರ ಬೇಗ ಕೊಡುವ ಅಧ್ಯಯನದಲ್ಲಿ ಏನನ್ನು, ಯಾವಾಗ, ಎಷ್ಟು ತಿಂದಿರಿ ಎಂಬುದೇ ಪ್ರಶ್ನೆ. ನೋಡಲು ಬಂದ ನೆಂಟರು ಪೊಟ್ಟಣದಲ್ಲಿ ಮಂಡಕ್ಕಿ, ಮಿರ್ಚಿ ತಂದು ದಿಂಬಿನ ಕೆಳಗಿಟ್ಟು ಹೋಗುವ ಊರು ನಮ್ಮದು. ತಿನ್ನಬೇಡಿ ಎಂದು ಹೇಳುವುದು ವೈದ್ಯರ ಕೆಲಸ. ತಿಂದಿದ್ದರೆ ತಿಂದೆ ಎಂದು ಹೇಳಿ ಎಂಬುದಷ್ಟೇ ನನ್ನ ಬೇಡಿಕೆ. ನಾಟಿ ಔಷಧ, ಕಷಾಯ, ಇನ್ನೊಬ್ಬ ಡಾಕ್ಟರು ಕೊಟ್ಟ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆ ಬೇಡ, ಬೈದರೂ ಒಳ್ಳೆಯದಕ್ಕೇ.

ಮನೆಗೆ ಹೋದ ಮೇಲೆ ಫೋನ್ ಬಂದರೆ ಎತ್ತಿ. ಗಾಯದ ಸೋಂಕನ್ನು ಸಾಮಾನ್ಯವಾಗಿ ಆಪರೇಷನ್ ಆಗಿ ಮೂವತ್ತು ದಿನಗಳವರೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ, ಕೀವು ಕಾಣಿಸಿಕೊಳ್ಳುವುದು ಎಷ್ಟೋ ಸಲ ಮನೆಗೆ ಬಂದ ಮೇಲೆ. ಅಪರಿಚಿತ ಸಂಖ್ಯೆ ಎಂದು ಫೋನ್ ಕತ್ತರಿಸಿದವರನ್ನು ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯಬೇಕಾಗುತ್ತದೆ. ಅಂಥವರು ಹೆಚ್ಚಾದರೆ ಇಡೀ ಲೆಕ್ಕವೇ ನೀರುಪಾಲು.

ಅವರ ಫೋನಿಗೆ ಕಾಯದೆ ನೀವೇ ಓಡಬೇಕಾದ ಸಂದರ್ಭಗಳೂ ಇವೆ. ಚಳಿಜ್ವರ, ಹೊಟ್ಟೆ ಉಬ್ಬಿ ವಾಂತಿ ನಿಲ್ಲದಿರುವುದು, ಗಾಯ ಕೆಂಪಾಗಿ ಬಿಸಿಯಾಗಿ ಕೀವು ಸೋರುವುದು, ಕಪ್ಪು ಮಲ ಅಥವಾ ಮಲದಲ್ಲಿ ರಕ್ತ, ಪಿತ್ತಕೋಶ ತೆಗೆದ ಮೇಲೆ ಕಣ್ಣು ಹಳದಿಯಾಗುವುದು, ಕಾಲು ಊದಿ ನೋಯುವುದು, ಏದುಸಿರು. ಇವುಗಳಲ್ಲಿ ಯಾವುದು ಕಂಡರೂ ಅಧ್ಯಯನದ ಮುಂದಿನ ಭೇಟಿಯ ದಿನಾಂಕ ನೋಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಒಪ್ಪಿಗೆ ಪತ್ರದ ಪ್ರತಿ ಜೊತೆಗಿರಲಿ, ಅಧ್ಯಯನದ ವೈದ್ಯರಿಗೂ ತಿಳಿಸಿ. ಹೊಸ ಔಷಧದ ಪ್ರಯೋಗವಾದರೆ, ಗಂಭೀರ ತೊಂದರೆ ಆದ 24 ಗಂಟೆಯೊಳಗೆ ಅವರು ಔಷಧ ನಿಯಂತ್ರಕರಿಗೂ ನೈತಿಕ ಸಮಿತಿಗೂ ವರದಿ ಮಾಡಬೇಕು. ಅಧ್ಯಯನದ ಕಾರಣದಿಂದಲೇ ಆದ ತೊಂದರೆಯ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ವಿದ್ಯಾರ್ಥಿಯ ಪ್ರಬಂಧವಾದರೂ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಆಪರೇಷನ್‌ನಿಂದಲೇ ಬರಬಹುದಾದ ತೊಂದರೆ ಯಾವುದು, ಅಧ್ಯಯನದಿಂದ ಬಂದದ್ದು ಯಾವುದು ಎಂಬುದನ್ನು ವಿಂಗಡಿಸುವುದು ಸುಲಭವಲ್ಲ. ಆ ಚರ್ಚೆಯಲ್ಲಿ ನಿಮ್ಮ ಬಳಿಯಿರುವ ಕಾಗದ, ತಾರೀಖು, ಬಿಲ್ಲುಗಳೇ ನಿಮ್ಮ ಬಲ.

ನಡುವೆ ಬಿಡಬೇಕೆನಿಸಿದರೆ

ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ‘ನನ್ನನ್ನು ಅಧ್ಯಯನದಿಂದ ತೆಗೆಯಿರಿ, ಚಿಕಿತ್ಸೆ ಮುಂದುವರಿಸಿ’ ಎಂದು ಎರಡನ್ನೂ ಒಟ್ಟಿಗೆ ಹೇಳಿ, ಇಲ್ಲದಿದ್ದರೆ ಆಸ್ಪತ್ರೆಯನ್ನೇ ಬಿಡುತ್ತೀರೆಂದು ತಿಳಿದಾರು. ಆವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಬಳಸುತ್ತಾರೆಯೇ, ಇಟ್ಟುಕೊಂಡ ರಕ್ತದ ಮಾದರಿ ಏನಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಔಷಧದ ಪ್ರಯೋಗವಾದರೆ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಹೇಳಿ ನಿಲ್ಲಿಸಿ.

ಕೊನೆಯವರೆಗೆ ಉಳಿದವರು ಮಾಡದೆ ಬಿಡುವ ಒಂದು ಕೆಲಸವಿದೆ: ಫಲಿತಾಂಶ ಕೇಳುವುದು. ಅಧ್ಯಯನದಲ್ಲಿ ಏನು ಕಂಡಿತು ಎಂದು ತಿಳಿಯುವ ಅಧಿಕಾರ ಅದಕ್ಕೆ ಹೊಟ್ಟೆ ಕೊಟ್ಟವರಿಗೂ ಇದೆ. ಸಹಿ ಹಾಕುವ ದಿನವೇ ವಿದ್ಯಾರ್ಥಿ ವೈದ್ಯರ ಹೆಸರಿನ ಜೊತೆಗೆ ಅವರ ಮಾರ್ಗದರ್ಶಕ ಪ್ರಾಧ್ಯಾಪಕರ ಹೆಸರನ್ನೂ ಬರೆದುಕೊಳ್ಳಿ. ವಿದ್ಯಾರ್ಥಿ ಮೂರು ವರ್ಷ ಮುಗಿಸಿ ಬೇರೆ ಊರಿಗೆ ಹೋಗಿರುತ್ತಾರೆ, ಪ್ರಾಧ್ಯಾಪಕರು ಅಲ್ಲೇ ಇರುವ ಸಂಭವ ಹೆಚ್ಚು. ಮುಂದೆ ಯಾವಾಗಲಾದರೂ ಆ ಕಡೆ ಹೋದಾಗ ಸರ್ಜರಿ ವಿಭಾಗದ ಕಚೇರಿಯಲ್ಲಿ ವಿಚಾರಿಸಿ. ಒಪ್ಪಿಸಿದ ಪ್ರಬಂಧದ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿರುತ್ತದೆ. ಅದು ಇಂಗ್ಲಿಷಿನಲ್ಲೇ ಇರುವುದರಿಂದ ಸಾರಾಂಶದ ಪುಟವೊಂದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ.